ಸೊಳ್ಳೆ ಕಚ್ಚದೆ ಬಂದ ಚಳಿಜ್ವರ

ಚಳಿಜ್ವರವು ಸೊಳ್ಳೆಯಿಂದ ಬರತಕ್ಕದ್ದೆಂಬುದು ಶಾಲೆಯ ಮಕ್ಕಳೂ ಬಲ್ಲ ಸಂಗತಿ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಮಹಾಶಯನು ಸೊಳ್ಳೆಯ ಹೊಟ್ಟೆಯೊಳಗೆ ಈ ರೋಗದ ಜೀವಾಣುವನ್ನು ಕಂಡನಷ್ಟೆ. ಹಾಗಾದರೆ, ಹಿಮ ಬಿದ್ದು ಸೊಳ್ಳೆಯ ಸುಳಿವೇ ಇಲ್ಲದ ಊರಿನಲ್ಲಿ, ಹೊಸ್ತಿಲು ದಾಟದ ಮೂರು ವಾರದ ಹಸುಗೂಸಿಗೆ ಈ ಜ್ವರ ಬಂದರೆ ಏನೆನ್ನಬೇಕು?

ಇದು ಬರಿಯ ಊಹೆಯಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1951ರ ಹೊತ್ತಿಗೆ ಮಲೇರಿಯಾ ನಿರ್ಮೂಲವಾಯಿತು. ಆದರೂ 1966ರಿಂದ 2005ರವರೆಗೆ ಅಲ್ಲಿ 81 ಶಿಶುಗಳಿಗೆ ಈ ರೋಗವು ತಾಯಿಯಿಂದಲೇ ಬಂದುದು ದಾಖಲಾಗಿದೆ. ತಾಯಂದಿರು ಬಹುಮಟ್ಟಿಗೆ ಉಷ್ಣದೇಶಗಳಿಂದ ಹೋಗಿ ನೆಲೆಸಿದವರು. ಜೀವಾಣುವು ಬಹುಪಾಲು ವೈವಾಕ್ಸ್ ಎಂಬ ಜಾತಿಯದು.

ಈ ವೈವಾಕ್ಸಿನ ಸ್ವಭಾವ ವಿಚಿತ್ರವಾದುದು. ಅದು ಯಕೃತ್ತಿನಲ್ಲಿ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ, ನಿದ್ರಿಸಿದ್ದು ಬಳಿಕ ರಕ್ತಕ್ಕಿಳಿಯುತ್ತದೆ. ತವರುದೇಶವನ್ನು ಎಂದೋ ಬಿಟ್ಟ ಹೆಂಗಸು ಬಸುರಿಯಾದಾಗ ಅದು ಎಚ್ಚರಗೊಳ್ಳಬಹುದು. ಹಿಂದೆ ಹಲವು ಸಲ ಜ್ವರ ಕಂಡ ಮೈಯಾದರೆ ಆಕೆಗೆ ಬಾಧೆಯೇ ತೋರದಿರಬಹುದು. ಆದರೆ ಮಾಸಿನ ಮೂಲಕವೋ ಹೆರಿಗೆಯ ವೇಳೆಯಲ್ಲೋ ಜೀವಾಣುಗಳು ಶಿಶುವಿನ ರಕ್ತವನ್ನು ಸೇರುತ್ತವೆ. ತಾಯಿಯಿಂದಲೇ ಬಂದ ರಕ್ಷಕ ಅಂಶಗಳು ಅವನ್ನು ಕೆಲಕಾಲ ತಡೆದಿಡುವುದರಿಂದ, ಜ್ವರವು ಸಾಮಾನ್ಯವಾಗಿ ಹುಟ್ಟಿದ 10ರಿಂದ 30 ದಿನಗಳೊಳಗೆ ಕಾಣಿಸಿಕೊಳ್ಳುತ್ತದೆ.

ಅಪಾಯವಿರುವುದು ಇಲ್ಲಿಯೇ. ಮಗು ಮೊಲೆಯುಣ್ಣದು, ಬಿಳಿಚಿಕೊಳ್ಳುವುದು, ಕಾಮಾಲೆಯಾಗುವುದು, ಪ್ಲೀಹವು ಊದುವುದು. ಇವೆಲ್ಲ ರಕ್ತಕ್ಕೆ ನಂಜೇರಿದಾಗಲೂ ಕಾಣುವ ಚಿಹ್ನೆಗಳೇ. ಮಲೇರಿಯಾವನ್ನು ಕಣ್ಣಾರೆ ಕಾಣದ ವೈದ್ಯನು ನಂಜಿಗೇ ಔಷಧ ಕೊಡುತ್ತ ದಿನಗಳನ್ನು ಕಳೆಯುವನು. ಅವನನ್ನು ದೂರಲಾರೆವು. ಆದರೆ ತಾಯಿ ಹಿಂದೆ ಎಲ್ಲಿದ್ದಳೆಂದು ಕೇಳಿ, ಮಗುವಿನ ಒಂದು ಹನಿ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟಿದ್ದರೆ ಗುಟ್ಟು ಹೊರಬೀಳುತ್ತಿತ್ತು.

ಗುರುತು ಸಿಕ್ಕಿದ ಮೇಲೆ ಶಿಶುವಿನ ಚಿಕಿತ್ಸೆ ತಾಯಿಯದಕ್ಕಿಂತ ಸರಳ. ಸೊಳ್ಳೆ ಚುಚ್ಚಿ ಬಿಟ್ಟ ಜೀವಾಣು ಮೊದಲು ಯಕೃತ್ತನ್ನು ಹೊಕ್ಕು ಆಮೇಲೆ ರಕ್ತಕ್ಕೆ ಬರುತ್ತದೆ. ತಾಯಿಯಿಂದ ಬಂದುದಾದರೋ ನೇರವಾಗಿ ರಕ್ತದಲ್ಲಿಯೇ ಇರುತ್ತದೆ. ಯಕೃತ್ತಿನಲ್ಲಿ ಅಡಗಿದ ಶೇಷವಿಲ್ಲ. ಆದ್ದರಿಂದ ವೈವಾಕ್ಸಿಗೆ, ಅದು ಔಷಧಕ್ಕೆ ಮಣಿಯುವ ಬಗೆಯದಾದರೆ, ಕ್ಲೋರೋಕ್ವಿನ್ ಒಂದೇ ಸಾಕು. ಯಕೃತ್ತನ್ನು ಶುದ್ಧಗೊಳಿಸುವ ಪ್ರೈಮಾಕ್ವಿನ್ ಬೇಕಾಗುವುದು ತಾಯಿಗೆ. ಅದನ್ನು ಬಸುರಿಯಲ್ಲಿ ಕೊಡಬಾರದಾಗಿ ಹೆರಿಗೆಯಾಗುವ ತನಕ ಕಾಯಬೇಕು. ಆಕೆ ಹಾಲೂಡಿಸುತ್ತಿದ್ದರೆ, ಆ ಮದ್ದಿನಿಂದ ರಕ್ತಕಣಗಳು ಒಡೆಯುವಂತಹ ಹುಟ್ಟುಕೊರತೆ ಇಬ್ಬರಲ್ಲಿ ಯಾರಿಗಾದರೂ ಉಂಟೇ ಎಂದು ಮೊದಲು ಪರೀಕ್ಷಿಸಬೇಕು. ಅವಳಿ ಮಕ್ಕಳಾಗಿದ್ದರೆ, ಆಡಿಕೊಂಡಿರುವ ಇನ್ನೊಂದು ಕೂಸಿನ ರಕ್ತವನ್ನೂ ಅಂದೇ ನೋಡತಕ್ಕದ್ದು.