ಬ್ಯಾಂಕಿನ ತಂಡ, ಗಾಜಿನ ಕಾರ್ಖಾನೆಯ ತಂಡ: ಥಾಯ್ಲೆಂಡ್ ಫುಟ್‌ಬಾಲ್ ಹೇಳುವ ಲೆಕ್ಕಾಚಾರ

ಯಾವುದೇ ಉದ್ಯಮದ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ಲೆಕ್ಕಪರಿಶೋಧಕನ ಮನಸ್ಸಿನಲ್ಲಿ ಸದಾ ಇರುವ ಪ್ರಶ್ನೆಯೆಂದರೆ, ಈ ಸಂಸ್ಥೆ ಮುಂದಿನ ವರ್ಷವೂ ನಡೆಯಬಲ್ಲುದೇ ಎಂಬುದು. ಕೆಲಸ ಉತ್ತಮವಾಗಿದ್ದು, ಹೆಸರು ದೊಡ್ಡದಾಗಿದ್ದು, ಈ ಪ್ರಶ್ನೆಯ ಉತ್ತರ ಮಾತ್ರ ಬೇರೊಬ್ಬರ ಕೈಯಲ್ಲಿರುವ ಪ್ರಸಂಗಗಳು ಅಪರೂಪವಲ್ಲ. ಏಷ್ಯಾ ಖಂಡದ ಕ್ಲಬ್ ಚಾಂಪಿಯನ್ ಪಟ್ಟವನ್ನು ಸತತ ಎರಡು ಬಾರಿ ಗೆದ್ದ ಥಾಯ್ಲೆಂಡಿನ ಫುಟ್‌ಬಾಲ್ ತಂಡವೊಂದು, ಎರಡನೆಯ ಗೆಲುವಿನ ಐದೇ ವರ್ಷಗಳಲ್ಲಿ ವಿಸರ್ಜನೆಗೊಂಡ ಇತಿಹಾಸವು ಇದಕ್ಕೆ ಸ್ಪಷ್ಟ ನಿದರ್ಶನ. ಇದು ಕ್ರೀಡೆಯ ಕಥೆಯಾದರೂ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಸಂಬಂಧಪಟ್ಟ ಅಂಶಗಳು ಇದರಲ್ಲಿ ಅಡಗಿವೆ.

ಸಂಸ್ಥೆಗಳೇ ಸಾಕಿದ ಆಟ

ಥಾಯ್ಲೆಂಡಿನಲ್ಲಿ ಫುಟ್‌ಬಾಲ್ ಸಂಸ್ಥೆಯು 1916ರಲ್ಲಿ, ಆರನೆಯ ರಾಮ ದೊರೆಯ ಆಳ್ವಿಕೆಯಲ್ಲಿ ಸ್ಥಾಪನೆಯಾಯಿತು. ಅದೇ ವರ್ಷ ಆರಂಭವಾದ ‘ಕೋರ್’ ರಾಜಕಪ್ ಪಂದ್ಯಾವಳಿಯೇ 1995ರವರೆಗೆ ಆ ದೇಶದ ಕ್ಲಬ್ಬುಗಳ ಅತ್ಯುನ್ನತ ಸ್ಪರ್ಧೆಯಾಗಿತ್ತು. 1996ರಲ್ಲಷ್ಟೇ ಇಂದಿನ ಮಾದರಿಯ ಥಾಯ್ ಲೀಗ್ ಆರಂಭವಾಯಿತು.

ಈ ಅವಧಿಯ ಪ್ರಮುಖ ತಂಡಗಳ ಹೆಸರುಗಳನ್ನು ಗಮನಿಸಿದರೆ ಅವು ಊರುಗಳ ಹೆಸರುಗಳಲ್ಲ, ಸಂಸ್ಥೆಗಳ ಹೆಸರುಗಳು ಎಂಬುದು ತಿಳಿಯುತ್ತದೆ. ವಾಯುಪಡೆ, ಬಂದರು ಪ್ರಾಧಿಕಾರ, ತಂಬಾಕು ಮಂಡಳಿ, ವಿದ್ಯುತ್ ಪ್ರಾಧಿಕಾರ, ಬ್ಯಾಂಕಾಕ್ ಬ್ಯಾಂಕ್, ಕ್ರುಂಗ್ ಥಾಯ್ ಬ್ಯಾಂಕ್ ಇತ್ಯಾದಿ. ಇಂತಹ ತಂಡಗಳಲ್ಲಿ ಆಟಗಾರನಿಗೆ ಆಟದ ಜೊತೆಗೆ ಸಂಸ್ಥೆಯ ನೌಕರಿಯೂ ದೊರೆಯುವುದು ರೂಢಿಯಾಗಿತ್ತು. ಪ್ರೇಕ್ಷಕರ ಟಿಕೆಟ್ ಹಣದಿಂದ ತಂಡ ನಡೆಯಬೇಕೆಂಬ ಅಪೇಕ್ಷೆ ಇರಲಿಲ್ಲ. ಸಂಸ್ಥೆಯ ಬೊಕ್ಕಸವೇ ತಂಡದ ಬೊಕ್ಕಸವಾಗಿತ್ತು.

ಕೃಷಿಕರ ಧನಾಗಾರ

1945ರ ಜೂನ್ 8ರಂದು ಚೋತಿ ಲಾಮ್ಸಾಮ್ ಅವರು ಬ್ಯಾಂಕಾಕಿನಲ್ಲಿ 50 ಲಕ್ಷ ಬಾತ್ ಬಂಡವಾಳದೊಡನೆ ಬ್ಯಾಂಕೊಂದನ್ನು ಸ್ಥಾಪಿಸಿದರು. ಅದರ ಥಾಯ್ ಹೆಸರು ‘ಥನಾಖಾನ್ ಕಸಿಕೋರ್ನ್’. ಕನ್ನಡಿಗರಿಗೆ ಈ ಪದಗಳು ಅಪರಿಚಿತವೇನಲ್ಲ: ಮೊದಲನೆಯದು ನಮ್ಮ ‘ಧನಾಗಾರ’, ಎರಡನೆಯದರ ಮೂಲ ನಮ್ಮ ‘ಕೃಷಿ’ ಎಂಬ ಶಬ್ದದ ಪಾಲಿ ರೂಪವಾದ ‘ಕಸಿ’. ಇಂಗ್ಲಿಷಿನಲ್ಲಿ ಈ ಬ್ಯಾಂಕು ‘ಥಾಯ್ ಫಾರ್ಮರ್ಸ್ ಬ್ಯಾಂಕ್’ ಎಂದೇ ಪ್ರಸಿದ್ಧವಾಗಿತ್ತು.

ಬ್ಯಾಂಕು 1987ರಲ್ಲಿ ತನ್ನ ಫುಟ್‌ಬಾಲ್ ತಂಡವನ್ನು ಕಟ್ಟಿತು. ಅದರ ಬೆಳವಣಿಗೆ ಬಹಳ ಶೀಘ್ರವಾಗಿತ್ತು. 1991, 1992 ಮತ್ತು 1993ರಲ್ಲಿ ಸತತ ಮೂರು ಬಾರಿ, ಪುನಃ 1995ರಲ್ಲಿ, ತಂಡವು ಕೋರ್ ರಾಜಕಪ್ ಗೆದ್ದಿತು. 1993–94ರ ಏಷ್ಯನ್ ಕ್ಲಬ್ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯದಲ್ಲಿ ಒಮಾನ್ ಕ್ಲಬ್ಬನ್ನು 2–1ರಿಂದ ಮಣಿಸಿತು. ಮರುವರ್ಷ ಕತಾರಿನ ಅಲ್ ಅರಬಿ ತಂಡವನ್ನು 1–0ಯಿಂದ ಸೋಲಿಸಿ ಪಟ್ಟವನ್ನು ಉಳಿಸಿಕೊಂಡಿತು. 1994ರಲ್ಲಿ ಆಫ್ರಿಕಾದ ಚಾಂಪಿಯನ್ ತಂಡವಾದ ಈಜಿಪ್ಟಿನ ಜಮಾಲೆಕ್ ಅನ್ನು ಹಿಂದಿಕ್ಕಿ ಆಫ್ರೋ-ಏಷ್ಯನ್ ಪ್ರಶಸ್ತಿಯನ್ನೂ ಪಡೆಯಿತು. ಥಾಯ್ಲೆಂಡಿನ ಬೇರಾವ ಕ್ಲಬ್ಬೂ ಈವರೆಗೆ ಏಷ್ಯಾದ ಚಾಂಪಿಯನ್ ಆಗಿಲ್ಲ. ಮನರಂಜನಾ ಉದ್ಯಮದ ಬೆಂಬಲವಿದ್ದ ಬಿಇಸಿ ತೇರೋ ಸಾಸನ ತಂಡ 2003ರಲ್ಲಿ ಅಂತಿಮ ಹಂತ ತಲುಪಿ ಅಲ್ ಐನ್ ತಂಡಕ್ಕೆ ಸೋತಿತು. ಅದೇ ವರ್ಷ ಜಕಾರ್ತಾದಲ್ಲಿ ಈ ತೇರೋ ತಂಡವನ್ನೇ 3–1ರಿಂದ ಸೋಲಿಸಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಆಸಿಯಾನ್ ಕ್ಲಬ್ ಪ್ರಶಸ್ತಿ ಗೆದ್ದುದನ್ನು ನಮ್ಮ ಕ್ರೀಡಾಪ್ರಿಯರು ಮರೆತಿರಲಾರರು.

ಮೈದಾನದ ಹೊರಗಿನ ಸೋಲು

1997ರ ಜುಲೈ 2ರಂದು ಥಾಯ್ ಸರ್ಕಾರವು ಬಾತ್ ನಾಣ್ಯದ ವಿನಿಮಯ ದರವನ್ನು ಮಾರುಕಟ್ಟೆಗೆ ಬಿಟ್ಟುಕೊಟ್ಟಿತು. ಅದುವರೆಗೆ ಡಾಲರಿಗೆ ಸುಮಾರು 25 ಬಾತ್ ಇದ್ದ ದರ, 1998ರ ಜನವರಿಯಲ್ಲಿ 50 ಬಾತ್‌ಗಿಂತಲೂ ಕೆಳಕ್ಕೆ ಕುಸಿಯಿತು. ಡಾಲರಿನಲ್ಲಿ ಸಾಲ ಪಡೆದು ಬಾತ್‌ನಲ್ಲಿ ಆದಾಯ ಕಾಣುತ್ತಿದ್ದ ಉದ್ಯಮಗಳ ಸಾಲದ ಹೊರೆ, ಒಂದು ಡಾಲರನ್ನೂ ಹೊಸದಾಗಿ ಪಡೆಯದೆಯೇ ಇಮ್ಮಡಿಯಾಯಿತು. 1997ರ ಡಿಸೆಂಬರಿನಲ್ಲಿ 56 ಹಣಕಾಸು ಕಂಪನಿಗಳನ್ನು ಶಾಶ್ವತವಾಗಿ ಮುಚ್ಚಲಾಯಿತು. ಬ್ಯಾಂಕುಗಳ ಸಾಲಗಳು ವಸೂಲಾಗದೆ ನಿಂತವು. ಥಾಯ್ ಫಾರ್ಮರ್ಸ್ ಬ್ಯಾಂಕು 1998ರಲ್ಲಿ ವಿದೇಶಿ ಹೂಡಿಕೆದಾರರಿಂದ ಹೊಸ ಬಂಡವಾಳ ಸಂಗ್ರಹಿಸಿ ತನ್ನನ್ನು ಉಳಿಸಿಕೊಂಡಿತು.

ಬ್ಯಾಂಕು ಉಳಿಯಿತು, ತಂಡ ಉಳಿಯಲಿಲ್ಲ. 2000ದಲ್ಲಿ ಕ್ಲಬ್ಬು ವಿಸರ್ಜನೆಗೊಂಡಿತು. ಇದಕ್ಕಾಗಿ ಬ್ಯಾಂಕನ್ನು ದೂಷಿಸುವುದು ನ್ಯಾಯವಲ್ಲ. ಠೇವಣಿದಾರರ ಹಣವನ್ನು ಕಾಯಬೇಕಾದ ಸಂಸ್ಥೆಗೆ ಕ್ರೀಡಾಕಪ್ಪು ಎರಡನೆಯ ಮಾತು. ಆದರೆ ಲೆಕ್ಕದ ದೃಷ್ಟಿಯಿಂದ ಗಮನಿಸಬೇಕಾದ ಅಂಶವೊಂದಿದೆ. ತಂಡವು ಬ್ಯಾಂಕಿನ ಖರ್ಚಿನ ಬಾಬ್ತು ಆಗಿತ್ತೇ ವಿನಾ ತನ್ನ ಕಾಲಿನ ಮೇಲೆ ನಿಂತ ಘಟಕವಾಗಿರಲಿಲ್ಲ. ಹೆಸರು ಬ್ಯಾಂಕಿನದು, ಹಣವೂ ಬ್ಯಾಂಕಿನದು. ಅವೆರಡನ್ನೂ ಕಳೆದರೆ ಉಳಿಯುವುದು ಗೆದ್ದ ಕಪ್ಪುಗಳ ನೆನಪು ಮಾತ್ರ. 2003ರ ಏಪ್ರಿಲಿನಲ್ಲಿ ಬ್ಯಾಂಕು ತನ್ನ ಇಂಗ್ಲಿಷ್ ಹೆಸರನ್ನು ‘ಕಸಿಕೋರ್ನ್ ಬ್ಯಾಂಕ್’ ಎಂದು ಬದಲಿಸಿಕೊಂಡಿತು. ಏಷ್ಯಾವನ್ನು ಗೆದ್ದ ತಂಡದ ಹೆಸರು ಬ್ಯಾಂಕಿನ ಫಲಕದ ಮೇಲೂ ಉಳಿಯಲಿಲ್ಲ.

ಕೈ ಬದಲಾದ ತಂಡಗಳು

ಮುಂದಿನ ಅಧ್ಯಾಯ ಭಿನ್ನವಾಗಿದೆ. ಸರ್ಕಾರಿ ಸ್ವಾಮ್ಯದ ಕ್ರುಂಗ್ ಥಾಯ್ ಬ್ಯಾಂಕಿನ ತಂಡವು 2002–03 ಮತ್ತು 2003–04ರಲ್ಲಿ ಲೀಗ್ ಗೆದ್ದಿತ್ತು. ಕ್ಲಬ್ಬುಗಳು ಕಾನೂನುಬದ್ಧವಾಗಿ ಪ್ರತ್ಯೇಕ ಕಂಪನಿಗಳಾಗಿರಬೇಕೆಂದು ಏಷ್ಯಾ ಫುಟ್‌ಬಾಲ್ ಒಕ್ಕೂಟವು ಮಾನದಂಡ ವಿಧಿಸಿದಾಗ, ಸಂಸ್ಥೆಗಳ ಇಲಾಖೆಗಳಂತಿದ್ದ ತಂಡಗಳಿಗೆ ಇಕ್ಕಟ್ಟಾಯಿತು. 2009ರಲ್ಲಿ ಕ್ರುಂಗ್ ಥಾಯ್ ತಂಡದ ಸ್ಥಾನವನ್ನು ಬ್ಯಾಂಕಾಕ್ ಗ್ಲಾಸ್ ವಹಿಸಿಕೊಂಡಿತು. 2008ರ ಚಾಂಪಿಯನ್ ಆಗಿದ್ದ ವಿದ್ಯುತ್ ಪ್ರಾಧಿಕಾರದ ತಂಡವೂ 2010ರಲ್ಲಿ ಈಶಾನ್ಯದ ಬುರೀರಾಮ್ ಪ್ರಾಂತಕ್ಕೆ ಸ್ಥಳಾಂತರಗೊಂಡು, 2012ರಿಂದ ಬುರೀರಾಮ್ ಯುನೈಟೆಡ್ ಎಂಬ ಹೆಸರಿನಿಂದ ಬಲಿಷ್ಠವಾಗಿ ಬೆಳೆಯಿತು.

ಬ್ಯಾಂಕಾಕ್ ಗ್ಲಾಸ್ 1974ರಲ್ಲಿ ಸ್ಥಾಪನೆಯಾದ ಗಾಜಿನ ಸೀಸೆಗಳ ತಯಾರಿಕಾ ಕಂಪನಿ. 2006ರಲ್ಲಿ ಅದು ತಂಡ ಕಟ್ಟಿತು. ಬ್ಯಾಂಕಾಕಿನ ಉತ್ತರಕ್ಕಿರುವ ಪಥುಂ ಥಾನಿ ಪ್ರಾಂತದ ಕ್ರೀಡಾಂಗಣಕ್ಕೆ ಬಿಯರ್ ಬ್ರ್ಯಾಂಡೊಂದರ ಪ್ರಾಯೋಜಕತ್ವದಿಂದ ‘ಲಿಯೋ’ ಎಂಬ ಹೆಸರು ಬಂದಿತು. ಸೀಸೆ ತಯಾರಕನಿಗೂ ಸೀಸೆ ತುಂಬುವವನಿಗೂ ಇರುವ ನಂಟು ಇಲ್ಲಿ ಪ್ರಾಯೋಜಕತ್ವವಾಗಿಯೂ ಕೆಲಸ ಮಾಡಿತು. 2014ರಲ್ಲಿ ಈ ತಂಡ ಥಾಯ್ ಎಫ್.ಎ. ಕಪ್ ಗೆದ್ದಿತು.

2018ರಲ್ಲಿ ಲೀಗನ್ನು 18 ತಂಡಗಳಿಂದ 16ಕ್ಕೆ ಇಳಿಸುವ ಸಲುವಾಗಿ ಐದು ತಂಡಗಳನ್ನು ಕೆಳದರ್ಜೆಗೆ ತಳ್ಳಲಾಯಿತು. ಅವುಗಳಲ್ಲಿ ಬ್ಯಾಂಕಾಕ್ ಗ್ಲಾಸ್ ಒಂದು. ಪೋಷಕ ಕಂಪನಿ ಕೈಬಿಡಲು ಇದಕ್ಕಿಂತ ಸುಲಭವಾದ ನೆಪ ಬೇಕಿರಲಿಲ್ಲ. ಆದರೆ ಅದು ತಂಡವನ್ನು ಉಳಿಸಿಕೊಂಡಿತಲ್ಲದೆ, ಪ್ರಾಂತದ ಹೆಸರನ್ನು ಸೇರಿಸಿ ‘ಬಿಜಿ ಪಥುಂ ಯುನೈಟೆಡ್’ ಎಂದು ಕರೆಯಿತು. 2019ರಲ್ಲಿ ಎರಡನೆಯ ದರ್ಜೆಯನ್ನು ಗೆದ್ದು ಮೇಲೆ ಬಂದ ತಂಡ, 2020–21ರಲ್ಲಿ ದೇಶದ ಚಾಂಪಿಯನ್ ಆಯಿತು. 2022ರಲ್ಲಿ ಏಷ್ಯನ್ ಚಾಂಪಿಯನ್ಸ್ ಲೀಗಿನ ಎಂಟರ ಘಟ್ಟವನ್ನೂ ತಲುಪಿತು.

ವರ್ತಕರು ಗಮನಿಸಬೇಕಾದುದು

ಈ ಎರಡು ತಂಡಗಳಲ್ಲಿ ಆಟದ ಸಾಧನೆ ಹೆಚ್ಚಿದ್ದುದು ಬ್ಯಾಂಕಿನ ತಂಡದ್ದೇ. ಆದರೂ ಬಾಳಿದ್ದು ಗಾಜಿನ ಕಾರ್ಖಾನೆಯ ತಂಡ. ಕಾಲ ಬದಲಾಗಿತ್ತು, 1997ರಂತಹ ಬಿಕ್ಕಟ್ಟು ಅದಕ್ಕೆ ಎದುರಾಗಲಿಲ್ಲ ಎಂಬುದು ನಿಜ. ಪೋಷಕ ಕಂಪನಿಯ ಆಸರೆ ಇಲ್ಲದೆ ಅದು ನಿಲ್ಲಬಲ್ಲುದೆಂದು ಹೇಳುವಂತೆಯೂ ಇಲ್ಲ. ಆದರೆ ಪ್ರತ್ಯೇಕ ಕಂಪನಿಯ ಅಸ್ತಿತ್ವ, ನೆಲೆಯೂರಿದ ಕ್ರೀಡಾಂಗಣ, ಪ್ರಾಯೋಜಕರು, ಊರಿನ ಹೆಸರು, ಇವು ಅದಕ್ಕೆ ಬ್ಯಾಂಕಿನ ತಂಡಕ್ಕಿಲ್ಲದ ಬೇರುಗಳನ್ನು ಕೊಟ್ಟವು.

ನಮ್ಮ ಸಣ್ಣ ಕೈಗಾರಿಕೆಗಳ ಪೈಕಿ ಅನೇಕವು ಒಬ್ಬನೇ ದೊಡ್ಡ ಗ್ರಾಹಕನ ಆದೇಶಗಳ ಮೇಲೆ ನಿಂತಿರುತ್ತವೆ. ಗುಣಮಟ್ಟ ಚೆನ್ನಾಗಿದೆ, ಸರಕು ವೇಳೆಗೆ ತಲುಪುತ್ತಿದೆ, ಗ್ರಾಹಕನೂ ಸಜ್ಜನ. ಆದ್ದರಿಂದ ಚಿಂತೆಯಿಲ್ಲ ಎಂಬುದು ಸಾಮಾನ್ಯ ಸಮಾಧಾನ. ಏಷ್ಯಾದ ಚಾಂಪಿಯನ್ ತಂಡಕ್ಕೂ ಗುಣಮಟ್ಟದ ಕೊರತೆ ಇರಲಿಲ್ಲ. ಸಾಕಿದವನ ಮನೆಗೆ ಬರ ಬಂದಾಗ ಮೊದಲು ಕಡಿತವಾಗುವುದು ಅವನಿಗೆ ಅನಿವಾರ್ಯವಲ್ಲದ ಖರ್ಚು. ನಾವು ಅವನ ಲೆಕ್ಕಪುಸ್ತಕದ ಯಾವ ಶೀರ್ಷಿಕೆಯಡಿ ಇದ್ದೇವೆ ಎಂಬುದನ್ನು ಅರಿತಿರಬೇಕು.

ಆದಕಾರಣ ವರ್ಷಾಂತ್ಯದ ಲೆಕ್ಕ ಮುಗಿಸುವಾಗ ಉದ್ಯಮಿಗಳು ಮೂರು ಅಂಕಿಗಳನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳುವುದು ಲೇಸು: ಒಟ್ಟು ಮಾರಾಟದಲ್ಲಿ ಅತಿ ದೊಡ್ಡ ಗ್ರಾಹಕನ ಪಾಲು ಎಷ್ಟು; ಅವನಿಂದ ಬರಬೇಕಾದ ಬಾಕಿ ಎಷ್ಟು; ಅವನ ಆದೇಶ ನಿಂತರೆ ಕೈಯಲ್ಲಿರುವ ಹಣದಿಂದ ಎಷ್ಟು ತಿಂಗಳು ಸಂಬಳ, ಬಾಡಿಗೆ, ಬಡ್ಡಿ ಪಾವತಿಸಬಹುದು. ಈ ಅಂಕಿಗಳು ಲಾಭ-ನಷ್ಟದ ತಖ್ತೆಯಲ್ಲಿ ನೇರವಾಗಿ ಕಾಣುವುದಿಲ್ಲ. ಆದರೆ ಸಂಸ್ಥೆ ಮುಂದಿನ ವರ್ಷವೂ ಬಾಗಿಲು ತೆರೆಯುವುದೋ ಇಲ್ಲವೋ ಎಂಬುದನ್ನು ತಿಳಿಸುವ ಅಂಕಿಗಳು ಇವೇ.