ಫರ್ಮಾ ಮಹಾಶಯನ ಆರನೆಯ ಸಂಖ್ಯೆ

ಚದುರಂಗದ ಮಣೆಯ ಮೊದಲನೆಯ ಮನೆಯಲ್ಲಿ ಒಂದು ಕಾಳು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು, ಹೀಗೆ ಇಮ್ಮಡಿಸುತ್ತ ಹೋಗುವ ಕಥೆಯನ್ನು ಶ್ರೋತೃಗಳು ಕೇಳಿಯೇ ಇರುವಿರಿ. ಮೂವತ್ತಮೂರನೆಯ ಮನೆಗೆ ಸಲ್ಲುವ ಕಾಳುಗಳಿಗೆ ಇನ್ನೊಂದನ್ನು ಕೂಡಿಸಿದರೆ ೪೨೯,೪೯,೬೭,೨೯೭ ಆಗುವುದು. ಈ ದಿನ ನಾವು ವಿಚಾರಮಾಡಬೇಕೆಂದಿರುವುದು ಈ ಸಂಖ್ಯೆಯನ್ನೇ.

ಇದು ಹುಟ್ಟುವ ಕ್ರಮ ಬಹು ಸರಳವಾದುದು. ಎರಡರಿಂದ ಮೊದಲುಮಾಡಿ ಬಂದುದನ್ನೆಲ್ಲ ವರ್ಗಮಾಡುತ್ತ ಹೋದರೆ ೨, ೪, ೧೬, ೨೫೬, ೬೫,೫೩೬ ಎಂಬ ಸಾಲು ದೊರೆಯುತ್ತದೆ. ಒಂದೊಂದಕ್ಕೂ ಒಂದನ್ನು ಕೂಡಿಸಿದರೆ ೩, ೫, ೧೭, ೨೫೭, ೬೫,೫೩೭. ಈ ಐದೂ ಅವಿಭಾಜ್ಯ ಸಂಖ್ಯೆಗಳು. ಎಂದರೆ ಒಂದರಿಂದಲೂ ತಮ್ಮಿಂದಲೂ ಹೊರತು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗತಕ್ಕವಲ್ಲ. ಸಾಲಿನ ಆರನೆಯದೇ ನಮ್ಮ ಸಂಖ್ಯೆ. ಫ್ರಾನ್ಸ್ ದೇಶದ ತೂಲೂಸ್ ನಗರದಲ್ಲಿ ನ್ಯಾಯಾಧಿಕಾರಿಯಾಗಿದ್ದ ಫರ್ಮಾ ಎಂಬ ಗಣಿತಜ್ಞನು ೧೬೪೦ರಲ್ಲಿ, ಈ ಸಾಲಿನ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳೇ ಆಗಿರಬೇಕೆಂದು ನಂಬಿದನು. ಅದಕ್ಕೆ ಸಾಧನೆ ತನಗೆ ದೊರೆತಿಲ್ಲವೆಂಬುದನ್ನೂ ಆತನು ಮರೆಮಾಚಲಿಲ್ಲ.

ಆರನೆಯದನ್ನು ಪರೀಕ್ಷಿಸುವುದಾದರೂ ಹೇಗೆ? ಸಾಮಾನ್ಯ ಕ್ರಮದಲ್ಲಿ ೬೫,೫೩೬ರ ಒಳಗಿರುವ ಅವಿಭಾಜ್ಯಗಳೆಲ್ಲವುಗಳಿಂದಲೂ ಭಾಗಿಸಿ ನೋಡಬೇಕು. ಅವು ೬,೫೦೦ಕ್ಕೂ ಹೆಚ್ಚು. ೧೭೩೨ರಲ್ಲಿ ಆಯ್ಲರ್ ಎಂಬ ಮಹಾಗಣಿತಜ್ಞನು ಇದು ೬೪೧ರಿಂದ ಭಾಗವಾಗುವುದೆಂದು ತಿಳಿಸಿದನು. ಆಮೇಲೆ ಆತನೇ ತೋರಿಸಿದಂತೆ, ಈ ಸಂಖ್ಯೆಗೆ ಅವಿಭಾಜ್ಯ ಭಾಜಕವಿದ್ದರೆ ಅದನ್ನು ೬೪ರಿಂದ ಭಾಗಿಸಿದಾಗ ಒಂದೇ ಶೇಷವಾಗಿ ಉಳಿಯಬೇಕು. ಅಂಥ ಅವಿಭಾಜ್ಯಗಳು ಕ್ರಮವಾಗಿ ೧೯೩, ೨೫೭, ೪೪೯, ೫೭೭, ೬೪೧. ಸಾವಿರಾರು ಭಾಗಾಕಾರಗಳ ಶ್ರಮವು ಐದಕ್ಕೆ ಇಳಿಯಿತು! ಐದನೆಯ ಪ್ರಯತ್ನದಲ್ಲಿಯೇ ೬೪೧ನ್ನು ೬೭,೦೦,೪೧೭ರಿಂದ ಗುಣಿಸಿದರೆ ನಮ್ಮ ಸಂಖ್ಯೆ ಬರುವುದೆಂದು ಕಾಣುತ್ತದೆ. ಕಾಗದ ಸೀಸದಕಡ್ಡಿಗಳುಳ್ಳವರು ಗುಣಿಸಿ ನೋಡಬಹುದು.

ನಂಬಿಕೆ ಮುರಿಯಿತಾದರೂ ಸಾಲಿನ ಸೊಬಗು ಅಳಿಯಲಿಲ್ಲ. ಮೊದಲ ಐದನ್ನೂ ಒಂದರಿಂದೊಂದನ್ನು ಗುಣಿಸಿದರೆ ೪೨೯,೪೯,೬೭,೨೯೫ ಬರುತ್ತದೆ. ಇದಕ್ಕೆ ಎರಡನ್ನು ಕೂಡಿಸಿದರೆ ಆರನೆಯದು. ಸಾಲಿನಲ್ಲಿ ಎಲ್ಲಿ ನಿಂತು ನೋಡಿದರೂ ಹೀಗೆಯೇ. ಆದಕಾರಣ ಇವುಗಳಲ್ಲಿ ಯಾವ ಎರಡಕ್ಕಾದರೂ ಸಾಮಾನ್ಯ ಭಾಜಕವೊಂದಿದ್ದರೆ ಅದು ಎರಡನ್ನೂ ಭಾಗಿಸಬೇಕಾಗುತ್ತದೆ; ಇವೆಲ್ಲ ಬೆಸಸಂಖ್ಯೆಗಳಾದುದರಿಂದ ಅದು ಒಂದೇ ಹೊರತು ಬೇರೆಯಲ್ಲ. ಪ್ರತಿಯೊಂದೂ ಹೊಸ ಅವಿಭಾಜ್ಯ ಭಾಜಕವನ್ನು ತರುವುದರಿಂದ ಅವಿಭಾಜ್ಯಗಳು ಅನಂತವೆಂಬುದೂ ಸಿದ್ಧವಾಯಿತು. ೧೭೯೬ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಗೌಸ್ ಎಂಬ ಜರ್ಮನ್ ತರುಣನು ಹದಿನೇಳು ಸಮಭುಜಗಳ ಆಕೃತಿಯನ್ನು ಅಳತೆಪಟ್ಟಿ ಕೈವಾರಗಳಿಂದಲೇ ರಚಿಸಬಹುದೆಂದು ಕಂಡುಹಿಡಿದುದಕ್ಕೂ ಈ ಸಾಲಿನ ಹದಿನೇಳೇ ಆಧಾರ.

ಆರನೆಯದರಿಂದ ಮುಂದಕ್ಕೆ ಈವರೆಗೆ ನಿರ್ಣಯವಾದುವೆಲ್ಲವೂ ವಿಭಾಜ್ಯಗಳೇ. ಹಾಗಾದರೆ ಇನ್ನು ಮುಂದೆ ಅವಿಭಾಜ್ಯವೇ ಇಲ್ಲವೆನ್ನಬಹುದೇ? ಹಾಗೆಂದು ಸಾಧಿಸಿದವರು ಯಾರೂ ಇಲ್ಲ. ಐದು ನಿದರ್ಶನಗಳನ್ನು ನಂಬಿ ಫರ್ಮಾ ಮಹಾಶಯನು ಎಡವಿದನು. ಇನ್ನಷ್ಟು ನಿದರ್ಶನಗಳನ್ನು ನಂಬಿ ನಾವೂ ಎಡವಬಾರದು. ನಿದರ್ಶನಗಳು ದಾರಿ ತೋರುತ್ತವೆ. ಗುರಿ ಮುಟ್ಟಿಸುವುದು ಸಾಧನೆಯೊಂದೇ.