ಹೆಸರು ಹಿಡಿದು ಕರೆದ ಹುಡುಗ, ಕುರ್ಚಿ ಎಸೆದ ಗುರು

2023ರ ದೀಪಾವಳಿಗೆ ನಮ್ಮ ಅಕ್ಕನ ಮಗ ಊರಿಗೆ ಬಂದಿದ್ದ. ಆ ವರ್ಷ ಮಳೆ ಕೈಕೊಟ್ಟು ಕಡ್ಲೆಕಾಯಿ ಅರ್ಧಕ್ಕರ್ಧ ಜೊಳ್ಳು. ಜಗಲಿ ಮೇಲೆ ಕೂತು ಇದ್ದಷ್ಟನ್ನೇ ಬಿಡಿಸುತ್ತಿದ್ದೆವು. ಅವನು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿ ಬಂದವನು. ‘ಮಾಮ, ನಮ್ಮ ಯೂನಿವರ್ಸಿಟೀಲಿ ಒಬ್ಬ ಬ್ಯಾಸ್ಕೆಟ್‌ಬಾಲ್ ಕೋಚ್ ಇದ್ದ. ಈ ತಿಂಗಳು ಒಂದನೇ ತಾರೀಕು ತೀರಿಕೊಂಡ. ಅಲ್ಲಿಯವರು ಇವತ್ತಿಗೂ ಅವನ ಹೆಸರೆತ್ತಿದ್ರೆ ಎರಡು ಗುಂಪಾಗಿ ಜಗಳ ಆಡ್ತಾರೆ’ ಅಂದು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಬೆಳ್ಳಗಿನ ದಪ್ಪ ಆಸಾಮಿಯೊಬ್ಬ ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನೆತ್ತಿ ಆಟ ನಡೆಯುತ್ತಿರುವ ಅಂಗಳಕ್ಕೇ ಎಸೆದುಬಿಟ್ಟ. ಕುರ್ಚಿ ಜಾರುತ್ತಾ ಆಚೆ ದಡ ಸೇರಿತು. ನನಗೆ ನಗು ಬಂತು. ಆಮೇಲೆ ಬಹಳ ಹೊತ್ತು ನಗು ಬರಲಿಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಆತನ ಹೆಸರು ಬಾಬ್ ನೈಟ್. ಹುಟ್ಟಿದ್ದು 1940ರಲ್ಲಿ, ಒಹಾಯೋ ರಾಜ್ಯದಲ್ಲಿ. ಇಪ್ಪತ್ತನಾಲ್ಕನೇ ವಯಸ್ಸಿಗೇ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ತಂಡಕ್ಕೆ ಕೋಚ್ ಆದ. 1971ರಲ್ಲಿ ಇಂಡಿಯಾನಾದ ಬ್ಲೂಮಿಂಗ್ಟನ್ನಿಗೆ ಬಂದು ಇಪ್ಪತ್ತೊಂಬತ್ತು ವರ್ಷ ಅಲ್ಲೇ ಬೇರು ಬಿಟ್ಟ. 1976, 1981, 1987, ಮೂರು ಸಲ ರಾಷ್ಟ್ರೀಯ ಪ್ರಶಸ್ತಿ. ಅದರಲ್ಲಿ 1976ರ ತಂಡ ಆಡಿದ 32 ಪಂದ್ಯಗಳನ್ನೂ ಗೆದ್ದಿತು. ಅಲ್ಲಿಂದೀಚೆಗೆ ಪುರುಷರ ಕಾಲೇಜು ಬ್ಯಾಸ್ಕೆಟ್‌ಬಾಲಿನಲ್ಲಿ ಒಂದೂ ಸೋಲದೆ ಪ್ರಶಸ್ತಿ ಗೆದ್ದ ಇನ್ನೊಂದು ತಂಡ ಬಂದಿಲ್ಲ. 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಅಮೆರಿಕಕ್ಕೆ ಚಿನ್ನ ತಂದ ತಂಡಕ್ಕೂ ಆತನೇ ಗುರು.

ಇಂಡಿಯಾನಾ ಅಂದರೆ ನಮ್ಮಂಥ ಬೇಸಾಯಗಾರರ ನಾಡು ಕಣ್ರೀ. ಮುಸುಕಿನ ಜೋಳ, ಸೋಯಾ ಅವರೆ. ದನದ ಕೊಟ್ಟಿಗೆ, ಹುಲ್ಲಿನ ಮನೆಗಳ ಗೋಡೆಗೆ ಕಬ್ಬಿಣದ ಬಳೆ ಹೊಡೆದು ಹುಡುಗರು ಚೆಂಡು ಹಾಕುತ್ತಾರಂತೆ. ನಮ್ಮ ಮಡಕಶಿರಾ ಸೀಮೆಯಲ್ಲಿ ಎರಡು ಕಂಬ ನೆಟ್ಟು ವಾಲಿಬಾಲ್ ಆಡಿದ ಹಾಗೆ. ಅಂಥ ಜನಕ್ಕೆ ಗೆದ್ದು ಕೊಡುವವನು ಬರೀ ಮೇಷ್ಟ್ರಲ್ಲ, ಊರ ದೇವರು.

ದೇವರಿಗೆ ಸಿಟ್ಟು ಜಾಸ್ತಿ ಇತ್ತು. 1979ರಲ್ಲಿ ಪ್ಯಾನ್ ಅಮೆರಿಕನ್ ಕ್ರೀಡಾಕೂಟಕ್ಕೆ ಪೋರ್ಟೊರಿಕೋಗೆ ಹೋದಾಗ ಪೊಲೀಸಿನವನ ಮೇಲೆ ಕೈಮಾಡಿದ ಕೇಸಾಯಿತು. ಆತ ಇಲ್ಲದಾಗಲೇ ಅಲ್ಲಿನ ಕೋರ್ಟು ಶಿಕ್ಷೆ ಹಾಕಿತು. ತಂಡ ಮಾತ್ರ ಚಿನ್ನ ಗೆದ್ದಿತ್ತು! 1985ರ ಫೆಬ್ರವರಿ 23ರಂದು ಪರ್ಡ್ಯೂ ತಂಡದ ಎದುರು ಆ ಕುರ್ಚಿ ಪ್ರಸಂಗ. ಶಿಕ್ಷೆ ಒಂದು ಪಂದ್ಯದ ನಿಷೇಧ. 1993ರಲ್ಲಿ ತಂಡದಲ್ಲಿ ಆಡುತ್ತಿದ್ದ ಸ್ವಂತ ಮಗನನ್ನೇ ಬೆಂಚಿನ ಹತ್ತಿರ ಕಾಲಿಂದ ಒದ್ದ. ಅದಕ್ಕೂ ಒಂದೇ ಪಂದ್ಯ. ಬೈಗುಳದ ಲೆಕ್ಕ ಇಡುವವರು ಯಾರು?

ಹಾಗಂತ ಆತನನ್ನು ಬರೀ ರಾಕ್ಷಸ ಅಂದರೆ ಸುಳ್ಳಾಗುತ್ತದೆ. ಅಮೆರಿಕದ ಕಾಲೇಜು ಆಟದಲ್ಲಿ ಗುಟ್ಟಾಗಿ ಹುಡುಗರಿಗೆ ದುಡ್ಡು ಕೊಟ್ಟು ತಂಡ ಕಟ್ಟುವುದು ಹಳೇ ರೋಗ. ನೈಟ್ ಅದರ ಹತ್ತಿರ ಸುಳಿಯಲಿಲ್ಲ. ಹುಡುಗರು ಕ್ಲಾಸಿಗೆ ಹೋಗಲೇಬೇಕು, ಡಿಗ್ರಿ ತಗೊಳ್ಳಲೇಬೇಕು. ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹಣ ಕೂಡಿಸಿದ. 1981ರಲ್ಲಿ ಪ್ರಶಸ್ತಿ ಗೆದ್ದ ಕೆಲವೇ ತಿಂಗಳಿಗೆ ಲ್ಯಾಂಡನ್ ಟರ್ನರ್ ಎಂಬ ಆಟಗಾರ ಕಾರು ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡಾಗ, ಅವನ ಚಿಕಿತ್ಸೆಗೆ ನಿಧಿ ಎತ್ತಲು ಮುಂದೆ ನಿಂತವನು ಇದೇ ನೈಟ್. ಹೊಡೆಯುವ ಕೈ, ಹಿಡಿಯುವ ಕೈ ಎರಡೂ ಒಂದೇ ಮೈಯಲ್ಲಿ ಇರುತ್ತವೆ. ನಾನೂ ಅಂಥವರನ್ನು ಕಂಡಿದ್ದೇನೆ.

ಗಂಟು ಬಿಚ್ಚಿದ್ದು 2000ದಲ್ಲಿ. ನೀಲ್ ರೀಡ್ ಎಂಬ ಆಟಗಾರ 1997ರಲ್ಲೇ ತಂಡ ಬಿಟ್ಟು ಬೇರೆ ಕಾಲೇಜಿಗೆ ಹೋಗಿದ್ದ. ಅಭ್ಯಾಸದ ಹೊತ್ತಿನಲ್ಲಿ ಕೋಚ್ ನನ್ನ ಕುತ್ತಿಗೆ ಹಿಡಿದು ಅದುಮಿದ್ದ ಎಂದು ಮಾರ್ಚಿಯಲ್ಲಿ ಟಿ.ವಿ. ಮುಂದೆ ಹೇಳಿದ. ನೈಟ್ ಒಪ್ಪಲಿಲ್ಲ. ಅದಕ್ಕಿಂತ ಕೆಟ್ಟದ್ದೇನೆಂದರೆ, ರೀಡ್ ಜೊತೆ ಆಡಿದವರಲ್ಲೇ ಕೆಲವರು ಹಾಗೇನೂ ನಡೆದಿಲ್ಲ ಅಂದರು. ಹುಡುಗ ಸುಳ್ಳುಗಾರನಾದ. ಏಪ್ರಿಲಿನಲ್ಲಿ ಅಭ್ಯಾಸದ ವಿಡಿಯೋ ಟೇಪ್ ಹೊರಗೆ ಬಂತು. ಎರಡು ಮೂರು ಸೆಕೆಂಡಿನ ದೃಶ್ಯ. ಕೈ ಕುತ್ತಿಗೆ ಮೇಲೆ ಇತ್ತು.

ವಿಶ್ವವಿದ್ಯಾಲಯದ ಅಧ್ಯಕ್ಷ ಮೈಲ್ಸ್ ಬ್ರಾಂಡ್ ತತ್ವಶಾಸ್ತ್ರ ಓದಿದ ಮನುಷ್ಯ. ಮೇ 15ರಂದು ತೀರ್ಪು ಕೊಟ್ಟರು: 30 ಸಾವಿರ ಡಾಲರ್ ದಂಡ, ಮೂರು ಪಂದ್ಯದ ನಿಷೇಧ, ಇನ್ನು ಮುಂದೆ ಒಂದೇ ಒಂದು ತಪ್ಪು ಕಂಡರೂ ಮನೆಗೆ. ತತ್ವಶಾಸ್ತ್ರದವರು ಹೀಗೆ ಅರ್ಧ ದಾರಿಯಲ್ಲಿ ಗಾಡಿ ನಿಲ್ಲಿಸುವುದು ನನಗಂತೂ ಅರ್ಥವಾಗಲಿಲ್ಲ.

ನಾಲ್ಕು ತಿಂಗಳು ಕಳೆಯಲಿಲ್ಲ. ಸೆಪ್ಟೆಂಬರಿನಲ್ಲಿ ಹತ್ತೊಂಬತ್ತು ವರ್ಷದ ಹೊಸ ವಿದ್ಯಾರ್ಥಿಯೊಬ್ಬ ಎದುರು ಸಿಕ್ಕ ನೈಟ್‌ನನ್ನು ‘ಏನ್ ನೈಟ್, ಏನ್ ಸಮಾಚಾರ’ ಎಂಬ ಧಾಟಿಯಲ್ಲಿ ಮಾತಾಡಿಸಿದ. ನೈಟ್ ಅವನ ತೋಳು ಹಿಡಿದು ನಿಲ್ಲಿಸಿ, ದೊಡ್ಡವರನ್ನು ಮಿಸ್ಟರ್ ನೈಟ್ ಅನ್ನು, ಇಲ್ಲ ಕೋಚ್ ನೈಟ್ ಅನ್ನು ಎಂದು ಪಾಠ ಹೇಳಿದ.

ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಇದು ನನ್ನ ಕಸುಬಿನ ವಿಷಯ. ತೆಲುಗಿನಲ್ಲೂ ಕನ್ನಡದಲ್ಲೂ ನಾಲ್ಕು ಸಾಲು ಗೀಚುವವನು ನಾನು. ಆ ಹುಡುಗನ ಮಾತನ್ನು ಎರಡೂ ಭಾಷೆಗೆ ತರೋಣ ಅಂತ ಕೂತೆ. ಇಂಗ್ಲಿಷಿನಲ್ಲಿ ನೀನೂ ಒಂದೇ, ನೀವೂ ಒಂದೇ ಅಂತ ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳಿಕೊಟ್ಟಿದ್ದರು. ಆದರೆ ಮರ್ಯಾದೆ ಹೆಸರಿನ ಹಿಂದೆ ಮುಂದೆ ಎಲ್ಲೋ ಬಚ್ಚಿಟ್ಟುಕೊಂಡಿದೆ. ತೆಲುಗಿನಲ್ಲಾದರೆ ಒಂದು ‘ಗಾರು’ ಬಿಟ್ಟರೆ ಸಾಕು, ಮಾತು ಬೆತ್ತಲೆಯಾಗುತ್ತದೆ. ನಮ್ಮ ಹಳ್ಳಿ ಕನ್ನಡದಲ್ಲಿ ‘ಏನ್ ಸಾ’ ಅನ್ನುವುದಕ್ಕೂ ‘ಏನಯ್ಯಾ’ ಅನ್ನುವುದಕ್ಕೂ ಎಷ್ಟೋ ಜಗಳ ಪಂಚಾಯ್ತಿ ಕಟ್ಟೆ ಹತ್ತಿವೆ. ಹಾಗಾಗಿ ಆ ಹುಡುಗ ತಪ್ಪೇ ಮಾಡಿಲ್ಲ ಅಂತ ನಾನು ಹೇಳಲಾರೆ. ನಮ್ಮ ಊರಲ್ಲಾಗಿದ್ದರೆ ಯಾರಾದರೂ ಮುದುಕರು ಕಿವಿ ಹಿಂಡುತ್ತಿದ್ದರು, ಹುಡುಗನ ಅಪ್ಪನೇ ಥ್ಯಾಂಕ್ಸ್ ಹೇಳುತ್ತಿದ್ದ. ಈ ಬರಹದಲ್ಲಿ ನೈಟ್‌ನನ್ನು ಅವರು ಅನ್ನಲೂ ಬಾಯಿ ಬಾರದೆ, ಅವನು ಅನ್ನಲೂ ಮನಸ್ಸು ಒಪ್ಪದೆ ‘ಆತ’ ಅಂತ ಬರೆಯುತ್ತಿದ್ದೇನೆ. ಕನ್ನಡ ಈ ಮಟ್ಟಿಗೆ ಪುಣ್ಯವಂತ ಭಾಷೆ.

ಸೆಪ್ಟೆಂಬರ್ 10ರಂದು ಬ್ರಾಂಡ್ ಅವರು ನೈಟ್‌ನನ್ನು ವಜಾ ಮಾಡಿದರು. ರಾಜೀನಾಮೆ ಕೊಡು ಅಂದರೆ ಕೊಟ್ಟಿರಲಿಲ್ಲ. ಹುಡುಗನ ಪ್ರಸಂಗ ಒಂದೇ ಅಲ್ಲ, ಮೇ ತಿಂಗಳ ಮಾತು ಕೊಟ್ಟ ಮೇಲೂ ನಡತೆ ಬದಲಾಗಲಿಲ್ಲ ಎಂಬುದು ಅವರ ವಾದ. ಆ ರಾತ್ರಿ ಸಾವಿರಾರು ವಿದ್ಯಾರ್ಥಿಗಳು ಅಧ್ಯಕ್ಷರ ಮನೆಗೆ ಮೆರವಣಿಗೆ ಹೋದರು, ಪ್ರತಿಕೃತಿ ಸುಟ್ಟರು. ನಮಸ್ಕಾರ ಸರಿಯಾಗಿ ಹೇಳದ ಹುಡುಗನಿಗೆ ಕೊಲೆ ಬೆದರಿಕೆ ಬಂತು. ದೊಡ್ಡವರಿಗೆ ಮರ್ಯಾದೆ ಕಲಿಸಲು ಹೊರಟ ಜನ ಇವರು!

ವಜಾ ಮಾಡಬೇಕಿತ್ತೆ? ಅಕ್ಕನ ಮಗ ಕೇಳಿದ. ಮಾಡಬೇಕಿತ್ತು ಅಂದೆ. ಆದರೆ ಅದು 1997ರಲ್ಲೇ ಆಗಬೇಕಿತ್ತು, ಕುತ್ತಿಗೆಗೆ ಕೈ ಹಾಕಿದ ದಿನ. ‘ಏನ್ ನೈಟ್’ ಅಂದದ್ದರ ಮೇಲೆ ಆದದ್ದು ಸಾಲ ಕೊಟ್ಟವನು ಅಸಲು ಬಿಟ್ಟು ಕೊನೇ ತಿಂಗಳ ಬಡ್ಡಿಗೆ ಮನೆ ಹರಾಜು ಹಾಕಿದಂತೆ. ಇನ್ನೊಂದು ಲೆಕ್ಕವೂ ಇದೆ. 1995ರಿಂದ 2000ದವರೆಗೆ ಆರು ವರ್ಷ ಆತನ ತಂಡ ರಾಷ್ಟ್ರೀಯ ಟೂರ್ನಿಯಲ್ಲಿ ಎರಡನೇ ಸುತ್ತು ದಾಟಿರಲೇ ಇಲ್ಲ. 1987ರ ಹಾಗೆ ಕಪ್ಪು ಎತ್ತಿ ಹಿಡಿದ ವರ್ಷವಾಗಿದ್ದರೆ ಆ ಟೇಪ್ ನೋಡಿ ಯಾರಿಗಾದರೂ ಸಿಟ್ಟು ಬರುತ್ತಿತ್ತೆ? ನನಗೆ ನಂಬಿಕೆ ಇಲ್ಲ. ನಂಬಿಕೆ ಇಲ್ಲದಿರಲು ಕಾರಣವಿದೆ.

1984. ನಾನು ಎಂಟನೇ ಕ್ಲಾಸು. ನಮ್ಮ ಕನ್ನಡ ಶಾಲೆಯ ವಾಲಿಬಾಲ್ ತಂಡ ತಾಲ್ಲೂಕಿಗೇ ಮೊದಲು ಬರುತ್ತಿತ್ತು. ಅದಕ್ಕೆ ಕಾರಣ ಡ್ರಿಲ್ ಮೇಷ್ಟ್ರು. ಬೆಳಿಗ್ಗೆ ಐದಕ್ಕೆ ಬಂದು ಎಬ್ಬಿಸುತ್ತಿದ್ದರು, ಸ್ವಂತ ದುಡ್ಡಲ್ಲಿ ನೆಟ್ ತಂದಿದ್ದರು. ಮುಂದೆ ನನ್ನ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಫೀಜು ಕಟ್ಟಿದವರೂ ಅವರೇ. ಆ ಫೀಜು ಇಲ್ಲದಿದ್ದರೆ ಇವತ್ತು ಈ ಬರಹ ಇಲ್ಲ. ಒಂದು ದಿನ ನನ್ನ ಗೆಳೆಯ ಎರಡು ಸರ್ವೀಸ್ ಹಾಳು ಮಾಡಿದ. ಮೇಷ್ಟ್ರು ಎಡ ಕಿವಿ ಮೇಲೆ ಬಾರಿಸಿದರು. ಅವನು ಕೂತುಬಿಟ್ಟ. ಕಿವಿಯಿಂದ ಸಣ್ಣಗೆ ರಕ್ತ ಬಂತು.

ಮಾರನೇ ದಿನ ಅವನ ಅಪ್ಪ ಬಂದು ಹುಣಸೇಮರದ ಕೆಳಗೆ ಟವೆಲ್ ಹಿಡಿದು ನಿಂತರು. ಒಳಗೆ ಬಾ ಅಂತ ಯಾರೂ ಕರೆಯಲಿಲ್ಲ. ಹೆಡ್‌ಮೇಷ್ಟ್ರು ನಮ್ಮ ನಾಲ್ವರನ್ನು ಕರೆದು ಏನಾಯ್ತು ಅಂತ ಕೇಳಿದರು. ಮುಂದಿನ ವಾರ ತಾಲ್ಲೂಕು ಪಂದ್ಯ. ಮೊದಲು ಬಾಯಿ ಬಿಟ್ಟವನು ನಾನು: ‘ಬಾಲ್ ತಗುಲ್ತು ಸಾ.’ ಮಿಕ್ಕ ಮೂವರೂ ಅದನ್ನೇ ಹೇಳಿದರು. ನಾವು ಶೀಲ್ಡ್ ಗೆದ್ದೆವು. ಗೆಳೆಯ ಮತ್ತೆ ಶಾಲೆಗೆ ಬರಲಿಲ್ಲ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯಬಾರದು ಎಂಬ ಕಾನೂನು ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಬಂದದ್ದು 2009ರಲ್ಲಿ. ಅಷ್ಟು ಹೊತ್ತಿಗೆ ಅವನ ಮಗನೇ ಶಾಲೆ ಮುಗಿಸಿದ್ದ.

ನೈಟ್ 2001ರಲ್ಲಿ ಟೆಕ್ಸಾಸ್ ಟೆಕ್‌ಗೆ ಹೋಗಿ 2008ರವರೆಗೆ ಕೋಚ್ ಆಗಿದ್ದ. ಒಟ್ಟು 902 ಗೆಲುವು. 2020ರ ಫೆಬ್ರವರಿಯಲ್ಲಿ ಇಪ್ಪತ್ತು ವರ್ಷದ ಮುನಿಸು ಬಿಟ್ಟು ಬ್ಲೂಮಿಂಗ್ಟನ್ನಿನ ಅಂಗಳಕ್ಕೆ ಮತ್ತೆ ಬಂದಾಗ ಜನ ಎದ್ದುನಿಂತು ಕೂಗಿದರು. ಮುದುಕನನ್ನು ಹಳೇ ಶಿಷ್ಯರು ಕೈಹಿಡಿದು ನಡೆಸಿದರು. ಆ ವಿಡಿಯೋ ನೋಡಿ ನನಗೂ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ. ನೀಲ್ ರೀಡ್ ಅಷ್ಟು ಹೊತ್ತಿಗೆ ಬದುಕಿರಲಿಲ್ಲ. ಕ್ಯಾಲಿಫೋರ್ನಿಯಾದ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ ಅವನು 2012ರಲ್ಲಿ, 36ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡಿದ್ದ.

ಹಬ್ಬ ಮುಗಿದ ವಾರ ಸಂತೆಯಲ್ಲಿ ಗೆಳೆಯ ಸಿಕ್ಕ. ಎಂದಿನಂತೆ ಅವನ ಬಲಗಡೆಗೆ ಹೋಗಿ ನಿಂತು ಮಾತಾಡಿದೆ, ಎಡಗಡೆಯಿಂದ ಹೇಳಿದ್ದು ಅವನಿಗೆ ಕೇಳಿಸುವುದಿಲ್ಲ. ಟೀ ಅಂಗಡಿಯಲ್ಲಿ ಕೂತು ಅಮೆರಿಕದ ಈ ಕತೆಯನ್ನೆಲ್ಲ ಹೇಳಿದೆ. ಕುರ್ಚಿ ಎಸೆದದ್ದಕ್ಕೆ ಅವನೂ ನಕ್ಕ. ಕುತ್ತಿಗೆ ವಿಷಯ ಬಂದಾಗ ಬೀಡಿ ಹಚ್ಚಿದ.

‘ಆ ಹುಡುಗನ ಕೈಗೆ ಟೇಪ್ ಆದ್ರೂ ಸಿಕ್ತಲ್ಲೋ’ ಅಂದ.

ನಾನು ಹೇಳಬೇಕಾದದ್ದನ್ನು ಮೂವತ್ತೊಂಬತ್ತು ವರ್ಷವಾದ ಮೇಲೆ ಅಲ್ಲಿ ಹೇಳಿದೆ. ಹೆಡ್‌ಮೇಷ್ಟ್ರ ರೂಮಿನಲ್ಲಿ ಬಾಲ್ ತಗುಲಿತು ಅಂದವನು ನಾನೇ ಕಣೋ ಅಂತ. ಅವನು ಹೊಗೆ ಬಿಟ್ಟು, ‘ಗೊತ್ತು. ಅವತ್ತೇ ಅಪ್ಪ ಹೇಳಿತ್ತು. ಕಿಟಕಿ ಹತ್ರಾನೇ ಇತ್ತಲ್ಲ ಹುಣಸೇಮರ’ ಅಂದ. ಟೀ ದುಡ್ಡು ಅವನೇ ಕೊಟ್ಟ.